ಹಿಂದಿನ ಸೀಟಿನ ಡಬ್ಬಿ

ಕಾರು ಶರಾವತಿ ಸೇತುವೆಯ ನಟ್ಟನಡುವೆ ಬಂದಾಗ ಲತಾಮಣಿಗೆ ತಾನು ಅಂದುಬಿಟ್ಟದ್ದು ಏನೆಂದು ಹೊಳೆಯಿತು. ಬರ್ತೀನಿ ಅಂದಿದ್ದಳು. ಸಾವಿನ ಮನೆಯಿಂದ ಹೊರಡುವವರು ಹೇಳದೆ ಕೇಳದೆ ಎದ್ದು ಬರಬೇಕು, ಹಿಂತಿರುಗಿ ನೋಡಬಾರದು, ಬರ್ತೀನಿ ಎಂಬ ಮಾತನ್ನಂತೂ ಅಪ್ಪಿತಪ್ಪಿಯೂ ಆಡಬಾರದು. ಎಲ್‌ಕೆಜಿ ಮಕ್ಕಳಿಗೂ ಗೊತ್ತಿರುವ ಇಷ್ಟು ಸಣ್ಣ ವಿಷಯ ಐವತ್ತು ದಾಟಿದ ಟೀಚರಮ್ಮನಿಗೆ ಮರೆತುಹೋಗಿತ್ತು. ಅದೂ ಮನೆಯವರಿಗೆ ಹೇಳಿದ್ದರೆ ಒಂದು ಮಾತು. ಹೇಳಿದ್ದು ಹೆಣಕ್ಕೆ. ಗೆಳತಿ ಮಧುಮತಿಯನ್ನು, ದುಬೈಯಿಂದ ಅವಳ ತಮ್ಮ ಬರಲಿ ಎಂದು, ರಾತ್ರಿಯಿಡೀ ನಡುಮನೆಯಲ್ಲಿ ಮಲಗಿಸಿದ್ದರು, ಇವಳು ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಬೆಳಕು ಹರಿದಾಗ ಎದ್ದು, ಗೆಳತಿಯ ಕಿವಿಯ ಹತ್ತಿರ ಜಾರಿದ್ದ ಸೇವಂತಿಗೆಯನ್ನು ಸರಿಮಾಡಿ, “ಬರ್ತೀನಿ ಮಧು, ಲೇಟಾಯ್ತು” ಅಂದಿದ್ದಳು. ಜಯನಗರದ ಸ್ಕೂಲಿನ ಗೇಟಿನಲ್ಲಿ ಎಷ್ಟೋ ವರ್ಷ ಸಂಜೆ ಸಂಜೆ ಅಂದ ಮಾತು, ನಾಲಿಗೆ ತಾನಾಗಿಯೇ ಅಂದುಬಿಟ್ಟಿತ್ತು. ಕೂತಿದ್ದ ಹೆಂಗಸರಲ್ಲಿ ಯಾರೋ ಒಬ್ಬರು ಲೊಚಗುಟ್ಟಿದರು. ಆಗ ಮಧುಮತಿಯ ಮಗಳು ಸುಮನಾ, ರಾತ್ರಿಯೆಲ್ಲ ಅತ್ತು ಕಣ್ಣು ಊದಿಸಿಕೊಂಡಿದ್ದ ಹುಡುಗಿ, ಅಮ್ಮನ ಬದಲಿಗೆ ಎನ್ನುವ ಹಾಗೆ ತಲೆಯಾಡಿಸಿ, “ಹೂಂ, ಬನ್ನಿ ಆಂಟಿ” ಅಂದಿತ್ತು.

ಸೇತುವೆ ಮುಗಿಯಿತು. ಬರ್ತೀನಿ ಎಂದಾಯಿತು, ಬನ್ನಿ ಎಂದು ಕರೆದೂ ಆಯಿತು, ಇನ್ನು ಮಧುವಿನ ಹಿಂದೆ ಹೋಗುವವರು ಯಾರು? ತನ್ನ ಬಗ್ಗೆ ಅವಳಿಗೆ ಅಷ್ಟೇನೂ ಭಯವಿರಲಿಲ್ಲ. ಬನಶಂಕರಿಯ ಮನೆಯಲ್ಲಿ ಪ್ರಿಯಾಂಕಾ ಇದ್ದಾಳೆ, ಎಂಟು ತಿಂಗಳು ತುಂಬಿದ ಬಸುರಿ ಮಗಳು, ಹೆರಿಗೆಗೆಂದು ತವರಿಗೆ ಬಂದವಳು. ಹೋದ ಸಲ ಐದು ತಿಂಗಳಿಗೇ ಹೊಟ್ಟೆಯಲ್ಲಿ ಮಗು ನಿಂತುಹೋಗಿತ್ತು. ಆಸ್ಪತ್ರೆಯಿಂದ ಕರೆತಂದ ಮೂರನೇ ದಿನ ಕೆಳಗಿನ ಮನೆಯ ಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, ಆ ವಾರ ನೀವು ಯಾರದೋ ಮಣ್ಣಿಗೆ ಹೋಗಿದ್ರಲ್ಲವಾ ಎಂದು ಕೇಳಿದ್ದಳು. ಕುಹಕವೇನಿರಲಿಲ್ಲ, ಮಳೆ ಬಂತಲ್ಲವಾ ಎಂದು ಕೇಳುವ ಹಾಗೆ ಕೇಳಿದ್ದಳು. ಹೋಗಿದ್ದು ನಿಜ, ಹೆಡ್‌ಮಾಸ್ಟರ ತಂದೆ ತೀರಿಕೊಂಡಿದ್ದರು, ಹೋಗದಿರಲು ಆಗುತ್ತದೆಯೇ? ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುವವಳು ಇಂಥದ್ದಕ್ಕೆಲ್ಲ ಕಿವಿಗೊಡಬಾರದು ಎಂದು ಅವತ್ತು ಲಕ್ಷ್ಮಮ್ಮನ ಮುಂದೆ ನಕ್ಕಿದ್ದಳು. ನಕ್ಕರೂ ಆ ಮಾತು ಹೊಟ್ಟೆಯೊಳಗೆ ಹಾಗೇ ಉಳಿದಿತ್ತು. ಅದಕ್ಕೇ ಈ ಸಲ ಪ್ರಿಯಾಂಕಾಳಿಗೆ ಏನೂ ಹೇಳಿರಲಿಲ್ಲ. ಮೊನ್ನೆ ಫೋನಿನಲ್ಲಿ ‘ಮಧು’ ಎಂದು ಹೆಸರು ಮೂಡಿ, ಎತ್ತಿದರೆ ಸುಮನಾಳ ದನಿ ಅಮ್ಮ ಹೋಗ್ಬಿಟ್ಲು ಆಂಟಿ ಅಂದಾಗ, ಇವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಗಂಡ ಶಿವರಾಜ್‌ಗೆ ಮಾತ್ರ ಗೊತ್ತು. ಹೋಗಲೇಬೇಕಾ ಎಂದು ಅವರು ಕೇಳಿದ್ದರು, ಹೋಗಲೇಬೇಕು ಅಂದಿದ್ದಳು. ಮಗಳಿಗೆ ಮುರುಡೇಶ್ವರ, ಫ್ರೆಂಡ್ಸು, ಟ್ರಿಪ್ಪು ಎಂದು ಕತೆ ಕಟ್ಟಿದ್ದಾಯಿತು. ಅಮ್ಮನಿಗೂ ಒಳ್ಳೇ ಕಾಲ ಬಂತು ಎಂದು ಅವಳು ನಕ್ಕು, ಬರುವಾಗ ತಿನ್ನೋಕೆ ಏನಾದರೂ ತಾ, ಆ ಕಡೆಯ ಸಿಹಿ, ಬಾಯಿ ಕೆಟ್ಟುಹೋಗಿದೆ ಅಂದಿದ್ದಳು.

ಸಿಹಿ ಹಿಂದಿನ ಸೀಟಿನಲ್ಲಿ ಕೂತಿತ್ತು. ಗುಂಡಿ ಬಂದಲ್ಲೆಲ್ಲ ತಗಡಿನ ಬಿಸ್ಕೀಟ್ ಡಬ್ಬಿ ಸೀಟಿನ ಬೆಲ್ಟಿಗೆ ತಗುಲಿ ಟಣ್ ಎನ್ನುತ್ತಿತ್ತು. ಕಾರು ಹೊರಡಿಸುವಾಗ ಸುಮನಾ ಓಡಿ ಬಂದು, ಬಾಗಿಲು ತೆಗೆದು ಇಟ್ಟುಹೋದದ್ದು. ಅಮ್ಮನೇ ಮಾಡಿದ್ದು, ಪ್ರಿಯಾಂಕಕ್ಕನಿಗೆ ಅಂತ, ಬೆಂಗಳೂರಿಗೆ ಯಾರು ಹೋದರೂ ಕೊಟ್ಟು ಕಳಿಸು ಅಂದಿದ್ಲು. ಒಳಗಿರುವುದು ತೊಡದೇವು, ನೋಡಬೇಕಾಗಿಯೇ ಇಲ್ಲ. ಕಾದ ಮಡಕೆಯ ಬೆನ್ನಿಗೆ ಬೆಲ್ಲ ಬೆರೆಸಿದ ಅಕ್ಕಿಹಿಟ್ಟು ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಚುವ ಸಿಹಿ. ಪ್ರತಿ ರಜೆ ಮುಗಿಸಿ ಬರುವಾಗ ಮಧುಮತಿ ಇದೇ ಡಬ್ಬಿ ತುಂಬಾ ತರುತ್ತಿದ್ದಳು, ಸ್ಟಾಫ್ ರೂಮಿನಲ್ಲಿ ಖಾಲಿಯಾಗುವ ಮುಂಚೆ ಪ್ರಿಯಾಂಕಾಳ ಪಾಲು ತೆಗೆದಿಡುತ್ತಿದ್ದಳು. ಕಾಯಿಲೆ ಆ ಮಟ್ಟಿಗೆ ಬಂದಿರುವಾಗ ಒಲೆಯ ಮುಂದೆ ಹೇಗೆ ಕೂತಳೋ ಪುಣ್ಯಾತ್ಗಿತ್ತಿ. ಅದಕ್ಕೆ ಲತಾಮಣಿಗೆ ಕಣ್ಣು ತುಂಬಿತು, ತುಂಬಿದ ಕಣ್ಣಿನಲ್ಲೇ ಇನ್ನೊಂದು ಯೋಚನೆ ಬಂತು. ಹೆಣ ಎತ್ತದ ಮನೆಯ ಪದಾರ್ಥ, ಸತ್ತವಳ ಕೈಯಡುಗೆ, ತುಂಬಿದ ಬಸುರಿಗೆ. ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಡಬೇಕು ಎಂದುಕೊಂಡಳು. ಅಂದುಕೊಂಡ ಕೂಡಲೇ ನಾಚಿಕೆಯಾಗಿ ಗಾಜು ಇಳಿಸಿ ಗಾಳಿ ಬರಲು ಬಿಟ್ಟಳು.

ಊರು ಮುಗಿಯುವ ಕಡೆ ಕಮಾನು ಬಂತು. ಹೋಗಿ ಬನ್ನಿ ಎಂದು ಬರೆದಿತ್ತು. ಅದನ್ನು ಓದಬಾರದೆಂದು ಕಣ್ಣು ಕೆಳಗೆ ಹಾಕಿದ್ದರಿಂದ ಮುಂದಿದ್ದ ಮೀನಿನ ಟೆಂಪೋಗೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು. ಟೆಂಪೋದವನು ತಲೆ ಹೊರಗೆ ಹಾಕಿ ಏನೋ ಬೈದ. ಭಟ್ಕಳ ದಾಟಿದ ಮೇಲೆ ರಸ್ತೆ ಬದಿಯ ಹೋಟೆಲಿನಲ್ಲಿ ನಿಲ್ಲಿಸಿದಳು. ಸ್ನಾನವಿಲ್ಲದೆ ತಿನ್ನುವ ಹಾಗಿಲ್ಲ, ಆದರೆ ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಾಫಿಗೆ ದೋಷವಿಲ್ಲ ಎಂದು ತನಗೆ ತಾನೇ ಪರವಾನಗಿ ಕೊಟ್ಟುಕೊಂಡು ಕಾಫಿ ಹೇಳಿದಳು, ಪಕ್ಕದ ಟೇಬಲಿನ ಇಡ್ಲಿಯ ಹಬೆ ಮೂಗಿಗೆ ಬಂದು ಇಡ್ಲಿಯನ್ನೂ ಹೇಳಿದಳು, ಸಾಂಬಾರು ಸುರಿಸಿಕೊಂಡು ತಿಂದಳು. ಅಲ್ಲಿ ಅವಳು ನಡುಮನೆಯಲ್ಲಿ ಮಲಗಿದ್ದಾಳೆ, ಇಲ್ಲಿ ನಾನು ಇನ್ನೊಂದು ಸಾಂಬಾರು ಕೇಳುತ್ತಿದ್ದೇನೆ. ಡಬ್ಬಿಯನ್ನು ಒಳಗೆ ತಂದಿದ್ದಳು. ಎದ್ದು ಕೈ ತೊಳೆದು, ದುಡ್ಡು ಕೊಟ್ಟು, ಟೇಬಲಿನ ಕಡೆ ತಿರುಗದೆ ಕಾರಿಗೆ ಬಂದು ಕೀ ಹಾಕುವಷ್ಟರಲ್ಲಿ ಸಪ್ಲೈಯರ್ ಡಬ್ಬಿ ಎತ್ತಿಕೊಂಡು ಓಡಿ ಬಂದ. “ಮೇಡಂ, ನಿಮ್ಮ ಡಬ್ಬಿ ಇಲ್ಲೇ ಉಳೀತು.” ಥ್ಯಾಂಕ್ಸ್ ಎಂದು ನಗಬೇಕಾಯಿತು, ಅವನ ಕೈಗೆ ಇಪ್ಪತ್ತು ರೂಪಾಯಿಯನ್ನೂ ಇಡಬೇಕಾಯಿತು.

ಮರವಂತೆಯಲ್ಲಿ ಸಮುದ್ರ ರಸ್ತೆಯ ಪಕ್ಕಕ್ಕೇ ಬಂದಿತು. ಇಲ್ಲಿ ಮುಳುಗಿ ಎದ್ದರೆ ಮೈಲಿಗೆಯಾದರೂ ಕಳೆಯುತ್ತದೆ ಎಂದು ಇಳಿದು, ಚಪ್ಪಲಿ ಬಿಟ್ಟು ಮರಳಿನ ಮೇಲೆ ನಡೆದಳು. ದೀಪಾವಳಿ ರಜೆಯ ಜನ, ಮಕ್ಕಳು, ಕುದುರೆ ಸವಾರಿಯವರು, ಅವರ ನಡುವೆ ಮುದುಡಿದ ಸೀರೆಯ ಒಂಟಿ ಹೆಂಗಸು. ಅಲೆ ಮೊಣಕಾಲಿನವರೆಗೆ ಬಂದು ಕಾಲಡಿಯ ಮರಳನ್ನು ಎಳೆದುಕೊಂಡು ಹೋದಾಗ ಜೀವ ಬಾಯಿಗೆ ಬಂತು. ಬರ್ತೀನಿ ಅಂದಿದ್ದೀಯಲ್ಲ, ಬಾ, ಎಂದು ನೀರೇ ಕರೆದ ಹಾಗಾಯಿತು. ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡು ಹಿಂದಕ್ಕೆ ಓಡಿದಳು. ಯಾರೋ ಹುಡುಗರು ಸೆಲ್ಫಿಯಲ್ಲಿ ಆಂಟಿಯೂ ಬಂದರೆಂದು ನಕ್ಕರು. ಕುಂದಾಪುರದಲ್ಲಿ ಲಾಡ್ಜೊಂದಕ್ಕೆ ಹೋಗಿ ಸ್ನಾನಕ್ಕೆ ಒಂದು ಗಂಟೆ ರೂಮು ಸಿಗುತ್ತದೆಯೇ ಎಂದು ಕೇಳಿದಳು. ಕೌಂಟರಿನವನು ಒಬ್ಬರೇಯಾ ಎಂದ, ಒಂದೇ ಗಂಟೆಗಾ ಎಂದ, ಆಮೇಲೆ ಅವಳ ಭುಜದ ಮೇಲಿಂದ ಕಾರಿನ ಕಡೆ ಇಣುಕಿ, ಅಲ್ಲಿ ಯಾವ ಗಂಡಸು ಕೂತಿದ್ದಾನೆಂದು ಹುಡುಕಿದ. ಸಾವಿನ ಮನೆಯಿಂದ ಬರ್ತಾ ಇದ್ದೀನಪ್ಪ ಅಂದಿದ್ದರೆ ಅನುಮಾನ ಹೋಗುತ್ತಿತ್ತು, ರೂಮೂ ಹೋಗುತ್ತಿತ್ತು. ಹಾಗೆಲ್ಲ ಕೊಡಲ್ಲ ಎಂದ ಅವನು. ಬಿಡಿ ಬಿಡಿ ಎಂದು ಅವಳೇ ಕ್ಷಮೆ ಕೇಳುವವಳ ಹಾಗೆ ಮೆಟ್ಟಿಲಿಳಿದಳು. ಕಿವಿಯವರೆಗೂ ಮುಖ ಬಿಸಿಯಾಗಿತ್ತು. ಅಲ್ಲ, ಸ್ನಾನದಿಂದ ಮೈ ತೊಳೆಯಬಹುದು, ಅಂದ ಮಾತನ್ನು ಯಾವ ನೀರು ಹಾಕಿ ತೊಳೆಯುವುದು?

ಉಡುಪಿಯ ಕಡೆಗೆ ರಸ್ತೆ ಅಗಲವಾಗಿತ್ತು, ಲಾರಿಗಳು ಎರಡೂ ಪಕ್ಕದಿಂದ ಹೋಗುತ್ತಿದ್ದವು. ಕನ್ನಡಿ ನೋಡಿದಾಗೆಲ್ಲ ಡಬ್ಬಿಯ ಮುಚ್ಚಳ ಬಿಸಿಲಿಗೆ ಹೊಳೆಯುತ್ತಿತ್ತು. ಮುಂದೆ ನೋಡು ಮಾರಾಯ್ತಿ, ಕನ್ನಡಿ ಆಮೇಲೆ. ಅದು ಮಧುಮತಿಯ ಮಾತು. ಅಂಜನಾಪುರ ಲೇಔಟಿನಲ್ಲಿ ಇನ್ನೂ ಮನೆಗಳು ಏಳದ ಕಾಲಕ್ಕೆ, ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಗಳಲ್ಲಿ ತನ್ನ ಹಳೇ ಕಾರು ಕೊಟ್ಟು ಕಲಿಸಿದವಳು ಅವಳೇ. ಶಿವರಾಜ್ ನಿನಗ್ಯಾಕೆ ಡ್ರೈವಿಂಗು ಅಂದದ್ದನ್ನು ಕೇಳಿ, ಅವರ ಅಪ್ಪಣೆಗೆ ಕಾಯುತ್ತಾ ಕೂತರೆ ಮುದುಕಿ ಆಗ್ತೀಯ ಎಂದು ಎಳೆದುಕೊಂಡು ಹೋದಳು. ಕ್ಲಚ್ಚು ಬಿಟ್ಟರೆ ಗಕ್ಕನೆ ನಿಲ್ಲುತ್ತಿತ್ತು, ಮತ್ತೆ ಕಾರಿನ ಪ್ರಾಣ ತೆಗೆದೆಯಾ ಎಂದು ನಗುತ್ತಿದ್ದಳು. ಲೈಸೆನ್ಸು ಬಂದ ದಿನ ಇಬ್ಬರೂ ಕನಕಪುರ ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಮಧುಮತಿ, ಒಂದಿನ ನೀನೇ ಓಡಿಸಿಕೊಂಡು ನಮ್ಮೂರಿಗೆ ಬರಬೇಕು ನೋಡು ಅಂದಿದ್ದಳು. ಬರ್ತೀನಿ ಅಂದಿದ್ದಳು ಇವಳು. ಊರಿಗೆ ವರ್ಗ ತೆಗೆದುಕೊಂಡು ಹೋದಮೇಲೂ ಪ್ರತಿ ಫೋನಿನಲ್ಲಿ ಅದೇ, ಬಾರೇ, ಬರ್ತೀನಿ ಕಣೇ. ಆರು ವರ್ಷ ಬರ್ತೀನಿ ಬರ್ತೀನಿ ಎಂದು, ಕಡೆಗೆ ಹೋಗಿದ್ದು ಯಾವಾಗ ನೋಡಿ.

ಫೋನು ಬಡಿದುಕೊಂಡಿತು. ಮುಂದಿನ ಗಾಜಿಗೆ ಅಂಟಿಸಿದ್ದ ಸ್ಟ್ಯಾಂಡಿನಲ್ಲಿ ಪರದೆ ಬೆಳಗಿ, ‘ಮಧು’ ಎಂದು ಹೆಸರು, ಅದರ ಮೇಲೆ ಸ್ಕೂಲ್ ಡೇ ಫೋಟೋ, ಹಲ್ಲು ಕಾಣಿಸುವ ನಗು. ಸುಮನಾ ಇರಬೇಕು, ಅವಳ ಫೋನು ಒಡೆದು ಹೋಗಿದೆ, ಅಮ್ಮನ ಫೋನಿನಿಂದಲೇ ಎಲ್ಲರಿಗೂ ಮಾಡುತ್ತಿದ್ದಾಳೆ. ಇದೆಲ್ಲ ಲತಾಮಣಿಗೆ ಗೊತ್ತು. ಗೊತ್ತಿದ್ದೂ ಬೆರಳು ಮುಂದೆ ಹೋಗಲಿಲ್ಲ. ಎಷ್ಟು ದೂರ ಬಂದೆ ಎಂದು ಆ ಫೋಟೋ ಕೇಳಿಬಿಟ್ಟರೆ? ಬಡಿದು ಬಡಿದು ನಿಂತಿತು, ಒಂದು ಊರು ಕಳೆಯುವಷ್ಟರಲ್ಲಿ ಮತ್ತೆ ಬಡಿಯಿತು. ಈ ಸಲ ಸದ್ದು ಬಂದ್ ಮಾಡಿ, ಫೋನನ್ನು ಸ್ಟ್ಯಾಂಡಿನಿಂದ ಕಿತ್ತು, ಹ್ಯಾಂಡ್‌ಬ್ಯಾಗಿನ ತಳಕ್ಕೆ ತುರುಕಿ ಜಿಪ್ ಎಳೆದಳು.

ಮಂಗಳೂರಿನಲ್ಲಿ ಬಾಳೆಹಣ್ಣಿನ ಬನ್ಸ್ ಕಟ್ಟಿಸಿಕೊಂಡಳು. ಮಗಳು ಕೇಳಿದ ಸಿಹಿ ಅಂದರೆ ಇದು, ಟ್ರಿಪ್ಪಿಗೆ ಹೋಗಿದ್ದಕ್ಕೆ ಸಾಕ್ಷಿಯೂ ಇದೇ. ಪೊಟ್ಟಣ ಕೈಗೆ ಬಂದಮೇಲೆ ಎದೆ ಸ್ವಲ್ಪ ಹಗುರಾಯಿತು, ಡಬ್ಬಿಯನ್ನು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಏನೂ ಅರಿಯದವಳಂತೆ ಹೊರಟಳು. ಗಲ್ಲಾದ ಮೇಲೆ ಕೂತಿದ್ದ ದಪ್ಪ ಮನುಷ್ಯ ಹೋಟೆಲಿನ ಜನರೆಲ್ಲ ತಿರುಗುವ ಹಾಗೆ ಕೂಗಿದ. “ಎಂತ ಮೇಡಂ, ಡಬ್ಬಿ ಬಿಟ್ಟು ಹೋಗುದಾ? ಒಳಗೆ ಎಂತ ಉಂಟು, ಬಾಂಬಾ?” ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರೆವು ನೋಡಿ ಎಂದಳು. ವಾಪಸು ಬಂದು ಡಬ್ಬಿ ಎತ್ತಿಕೊಳ್ಳುವಾಗ ಒಳಗಿನ ತೆಳ್ಳನೆಯ ಹಾಳೆಗಳು ಒಂದಕ್ಕೊಂದು ಉಜ್ಜಿ ಸರಸರ ಎಂದವು.

ಸಮುದ್ರ ಹಿಂದೆ ಉಳಿಯಿತು. ಘಾಟಿಯ ಬುಡದಲ್ಲಿ ಗುಂಡ್ಯದ ಹತ್ತಿರ ಎಳನೀರಿನ ಗಾಡಿ ಕಂಡಿತು, ಗಾಡಿಯ ಹಿಂದೆ ತಗಡಿನ ಮನೆ. ಎಳನೀರು ಕೆತ್ತುವ ಹೆಂಗಸು ವಯಸ್ಸಾದವಳು, ಕತ್ತಿ ಬೀಸುವ ಕೈ ಮಾತ್ರ ಗಟ್ಟಿ. ಕುಡಿದು ಮುಗಿಸಿ ಲತಾಮಣಿ ಡಬ್ಬಿಯನ್ನು ಅವಳ ಕೈಗೇ ಕೊಟ್ಟಳು. ಬಿಟ್ಟು ಹೋದರೆ ತಾನೇ ಕರೆಯುವುದು, ಕೊಟ್ಟರೆ ಯಾರು ಕರೆಯುತ್ತಾರೆ? ಸಿಹಿ ಇದೆ ತಗೊಳ್ಳಿ ಅಂದಳು. ಮುದುಕಿ ಮುಚ್ಚಳ ತೆಗೆದು ಮೂಸಿ ನೋಡಿ, ಓ ತೊಡದೇವು ಎಂದು ಮುಖ ಅರಳಿಸಿದಳು. ಯಾರ ಮನೇದು, ಏನು ವಿಶೇಷ ಎಂದು ಕೇಳಿದಳು. ಮದುವೆಯಾ, ನಾಮಕರಣವಾ? ಉತ್ತರ ಹುಡುಕುವಷ್ಟರಲ್ಲಿ ತಗಡಿನ ಮನೆಯಿಂದ ತಲೆಗೆ ಬಟ್ಟೆ ಕಟ್ಟಿಕೊಂಡ ಎಳೆ ಬಾಣಂತಿ ಹೊರಗೆ ಬಂದಳು, ಎದೆಗೊತ್ತಿಕೊಂಡ ಕೂಸಿನ ಕಾಲು ಸೆರಗಿನಿಂದ ಹೊರಗೆ ಕಾಣಿಸುತ್ತಿತ್ತು. ಮುದುಕಿ ಒಂದು ಹಾಳೆ ತೆಗೆದು, ತಿನ್ನು ಮಗಾ, ಬಾಯಿ ಸಿಹಿ ಮಾಡಿಕೊ ಎಂದು ಅವಳ ಕಡೆ ಚಾಚಿದಳು. ಲತಾಮಣಿಯ ಕೈ ಮಧ್ಯೆ ಹೋಯಿತು. ಹಾಳೆ ಮುರಿದು ನೆಲಕ್ಕೆ ಬಿತ್ತು. ಬೇಡಿ, ಇದು ಹಳೇದು, ಕೆಟ್ಟಿದೆ, ತಪ್ಪಾಯ್ತು ಎಂದು ಬಡಬಡಿಸುತ್ತಾ ಡಬ್ಬಿಯನ್ನು ಕಸಿದುಕೊಂಡಳು. ಮುದುಕಿ ಕತ್ತಿ ಕೆಳಗಿಟ್ಟಳು. “ಕೆಟ್ಟದ್ದನ್ನು ನಮಗೆ ಕೊಡಲಿಕ್ಕೆ ಬಂದದ್ದಾ?”

ಘಾಟಿ ಏರುವಾಗ ತಿರುವು ತಿರುವಿನಲ್ಲಿ ಆ ಮಾತು ಹಿಂದೆಯೇ ಬಂತು. ಹೌದು ತಾಯಿ, ಅದಕ್ಕೇ ಬಂದದ್ದು. ನನ್ನ ಮಗಳಿಗೆ ಬೇಡವಾದದ್ದನ್ನು ನಿನ್ನ ಮನೆಯ ಬಾಣಂತಿಗೆ ದಾಟಿಸಲು. ಬೆಳಗ್ಗೆಯಿಂದ ಮಾಡಿದ್ದೂ ಅದನ್ನೇ ಅಲ್ಲವೇ, ಇಡ್ಲಿ ತಂದುಕೊಟ್ಟವನಿಗೆ, ಬಾಂಬಾ ಎಂದು ನಗಿಸಿದವನಿಗೆ. ಅವರ ಮನೆಯಲ್ಲೂ ಬಸುರಿ ಬಾಣಂತಿಯರು ಇರುತ್ತಾರೆ ಎಂದು ಹೊಳೆದಿರಲೇ ಇಲ್ಲ. ನಂಬದವಳೆಂದು ಕ್ಲಾಸಿನಲ್ಲಿ ಭಾಷಣ ಮಾಡುತ್ತಾಳೆ, ನಂಬುವವರಿಗಿಂತ ಹೀನವಾಗಿ ನಡೆದುಕೊಳ್ಳುತ್ತಾಳೆ. ಲಾರಿಯ ಹಿಂದೆ ಕಾರು ನಿಂತಿದ್ದಾಗ ಕೈ ಹಿಂದೆ ಚಾಚಿ ಮುಚ್ಚಳ ತೆಗೆದು ನೋಡಿದಳು. ಮಧುಮತಿಯ ತೊಡದೇವಿನ ಮಡಿಕೆ ಇಸ್ತ್ರಿ ಹಾಕಿದ ಕರವಸ್ತ್ರದ ಹಾಗೆ ಇರುತ್ತಿತ್ತು. ಇವು ಸೊಟ್ಟಪಟ್ಟ, ಕೆಲವು ಒಂದು ಬದಿ ಕರಕಲು, ಕೆಲವು ಮಡಚುವಾಗಲೇ ಹರಿದವು. ಕೈಯಲ್ಲಿ ಶಕ್ತಿ ಇರಲಿಲ್ಲ, ಪಾಪ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುವವರೆಗೂ ಮುಂದಿನ ಲಾರಿ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಇನ್ನು ಎಲ್ಲಿಯೂ ಬಿಡುವುದಿಲ್ಲ ಎಂದು ನಿರ್ಧಾರವಾಯಿತು. ಡಬ್ಬಿ ಕಾರಿನಲ್ಲೇ ಇರಲಿ, ಮಗಳ ಕಣ್ಣಿಗೆ ಬೀಳದಿರಲಿ, ಹಿಂದಿನ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿ ಆಮೇಲೆ ಅವಳ ಮುಖ ನೋಡಿದರಾಯಿತು. ಹಾಸನದಲ್ಲಿ ಚಹಾ ಕುಡಿದಳು, ಕುಣಿಗಲ್ಲಿನ ಹತ್ತಿರ ಚುರುಮುರಿ ಕೊಂಡು ತಿನ್ನಲಾಗದೆ ಪಕ್ಕದ ಸೀಟಿಗೆ ಹಾಕಿದಳು. ನೈಸ್ ರೋಡಿಗೆ ಬಿದ್ದಾಗ ಬಿಸಿಲು ಇಳಿದಿತ್ತು. ತಲಘಟ್ಟಪುರದ ಹತ್ತಿರ ಇಳಿದು ಕನಕಪುರ ರಸ್ತೆಗೆ ಬಂದರೆ ಯಥಾಪ್ರಕಾರ ಟ್ರಾಫಿಕ್ಕು. ಮೆಟ್ರೋ ಕಂಬಗಳ ಕೆಳಗೆ ಕಾರು ಆಮೆಯಂತೆ ಸಾಗಿತು. ಇಷ್ಟು ದೂರ ಏನೂ ಆಗದೆ ಬಂದುಬಿಟ್ಟೆ. ನನಗೆ ಏನೂ ಆಗಲಿಲ್ಲ ಅಂದರೆ ಅದು ಬೇರೆ ಎಲ್ಲಿಗೋ ಹೋಗಿದೆ ಎಂದೇ ಅಲ್ಲವೇ? ಸಿಗ್ನಲಿನಲ್ಲಿ ಬ್ಯಾಗಿನಿಂದ ಫೋನು ತೆಗೆಯಬೇಕೆಂದುಕೊಂಡಳು, ಹಸಿರು ಬಿತ್ತು.

ಗೇಟಿನಲ್ಲೇ ಶಿವರಾಜ್ ನಿಂತಿದ್ದರು, ಬನಿಯನ್ನಿನಲ್ಲೇ, ಕೈಯಲ್ಲಿ ಫೋನು. ಕಾರು ನಿಲ್ಲುವ ಮುಂಚೆಯೇ ಕಿಟಕಿಗೆ ಬಂದರು.

“ಎಷ್ಟು ಸಲ ಮಾಡೋದು ಲತಾ? ಮಧ್ಯಾಹ್ನದಿಂದ ಮಗು ಅಲ್ಲಾಡಿಲ್ವಂತೆ.”

ಅವಳ ಕೈ ಸ್ಟೇರಿಂಗಿನ ಮೇಲೇ ಉಳಿಯಿತು. ಅವರು ಹೇಳುತ್ತಾ ಹೋದರು. ಡಾಕ್ಟರಿಗೆ ಫೋನು ಮಾಡಿದ್ದಾಯಿತು, ಏನಾದರೂ ಸಿಹಿ ತಿಂದು ತಣ್ಣೀರು ಕುಡಿದು ಎಡಮಗ್ಗುಲಿಗೆ ಮಲಗಲಿ, ಆಗಲೂ ಅಲ್ಲಾಡದಿದ್ದರೆ ತಡಮಾಡದೆ ಬನ್ನಿ ಅಂದರಂತೆ. ಸಕ್ಕರೆ ನೀರು ಕೊಟ್ಟರೆ ವಾಂತಿ ಮಾಡಿಕೊಂಡಳು. ಕ್ಯಾಬಿನವರು ಒಪ್ಪಿಕೊಂಡು ಕ್ಯಾನ್ಸಲ್ ಮಾಡುತ್ತಿದ್ದಾರೆ, ಅಳಿಯ ಹೊಸೂರಿನ ಫ್ಯಾಕ್ಟರಿಯಿಂದ ಹೊರಟಿದ್ದಾನೆ, ಎಲ್ಲೋ ಸಿಕ್ಕಿಕೊಂಡಿದ್ದಾನೆ. ನೀನು ತಿನ್ನೋಕೆ ಏನಾದ್ರೂ ತಂದಿದ್ದೀಯಾ ಎನ್ನುತ್ತಲೇ ಹಿಂದಿನ ಬಾಗಿಲು ತೆಗೆದು ಡಬ್ಬಿಗೆ ಕೈ ಹಾಕಿದರು. ರೀ, ಅದು ಬೇಡ, ಮುಂದೆ ಬನ್ಸ್ ಇದೆ ಅಂದಳು. ಎಣ್ಣೆಯದು ಹೊಟ್ಟೆಯಲ್ಲಿ ನಿಲ್ಲಲ್ಲ, ಇದು ಯಾಕೆ ಬೇಡ ಎಂದು ಅವರು ತಿರುಗಿದರು. ಕೆಳಗಿನ ಮನೆಯ ಕಿಟಕಿ ತೆರೆದಿತ್ತು, ಸರಳಿನ ಹಿಂದೆ ಲಕ್ಷ್ಮಮ್ಮನ ಮುಖ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಮುಖದ ಎದುರಿಗೆ ನಾಲಿಗೆ ಏಳಲಿಲ್ಲ. ಶಿವರಾಜ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಹೋಗಿಯೇಬಿಟ್ಟರು.

ಲತಾಮಣಿ ಬ್ಯಾಗು ಹೆಗಲಿಗೆ ಹಾಕಿ ಹಿಂದೆಯೇ ಹತ್ತಿದಳು. ಹೊಸಿಲಿನ ಹೊರಗೆ ನಿಂತು, ಕಾಲಿಗೆ ನೀರಾದರೂ ಹಾಕಿಕೊಳ್ಳೋಣವೆಂದು ನಲ್ಲಿ ತಿರುಗಿಸಿದಳು. ಒಳಗಿನಿಂದ ಪ್ರಿಯಾಂಕಾಳ ದನಿ ಕೇಳಿತು, ಇದು ಮಧು ಆಂಟಿ ಡಬ್ಬಿ ಅಲ್ವಾ? ಆಮೇಲೆ ಕಟ್ ಎಂದು ತೊಡದೇವು ಮುರಿದ ಸದ್ದು. ಸ್ನಾನ, ಮೈಲಿಗೆ ಎಲ್ಲ ಹಾಗೇ ಬಿಟ್ಟು ಒಳಗೆ ಓಡಿದಳು. ಮಗಳು ಎಡಮಗ್ಗುಲಾಗಿ ಮಲಗಿದ್ದಳು, ತುಟಿಯ ಅಂಚಿನಲ್ಲಿ ಪುಡಿ. ಕಣ್ಣು ಅತ್ತಿದ್ದವು. ಟ್ರಿಪ್ಪು ಅಂತ ಸುಳ್ಳು ಹೇಳಿ ಮಧು ಆಂಟಿ ಹತ್ರ ಹೋಗಿದ್ಯಾ, ನನ್ನೂ ಕರೀಬಾರದಿತ್ತಾ ಎಂದು ಗೊಣಗಿ, ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, ಅಮ್ಮನ ಕೈ ಹಿಡಿದು ಎಳೆದುಕೊಂಡಳು.

“ಇಲ್ಲಿ ಇಡು. ಯಾವಾಗ್ಲೂ ಇಲ್ಲೇ ಒದೆಯೋದು. ನಂಗೆ ತುಂಬಾ ಭಯ ಆಗ್ತಿದೆ ಅಮ್ಮ.”

ಬೆಳಗ್ಗೆ ಸೇವಂತಿಗೆ ಸರಿಮಾಡಿದ ಕೈ. ತೊಳೆಯದ ಕೈ. ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಮಗಳು ಎರಡೂ ಕೈಯಿಂದ ಒತ್ತಿ ಹಿಡಿದಳು. ನೈಟಿಯ ಬಟ್ಟೆಯ ಕೆಳಗೆ ಬಿಗಿದ ಹೊಟ್ಟೆ ಬೆಚ್ಚಗಿತ್ತು, ಉಸಿರಿಗೆ ಏರಿ ಇಳಿಯುತ್ತಿತ್ತು, ಅಷ್ಟೇ. ಬೇರೆ ಏನೂ ಇಲ್ಲ. ಹೋದ ಸಲವೂ ಹೀಗೇ ಕೈಯಿಟ್ಟು ಕೂತಿದ್ದಳು. ದೇವರೇ, ಅಂದವಳು ನಾನು, ನನ್ನನ್ನು ಬೇಕಾದರೆ ಕರೆದುಕೋ ಎಂದು ಯಾವ ದೇವರ ಹೆಸರೂ ಹಿಡಿಯದೆ ಬೇಡಿಕೊಂಡಳು. ಕಾರು ಓಡಿಸಲು ತಮಗೆ ಬಾರದು, ಹಗಲೆಲ್ಲ ಓಡಿಸಿ ಬಂದವಳಿಗೆ ಮತ್ತೆ ಓಡಿಸು ಎನ್ನುವ ಧೈರ್ಯವೂ ಇಲ್ಲ, ಶಿವರಾಜ್ ಹೊರಗೆ ಕ್ಯಾಬಿನವನಿಗೆ ಕ್ರಾಸಿನ ಗುರುತು ಹೇಳುತ್ತಿದ್ದರು. ಹಾಸಿಗೆಯ ಮೇಲೆ ಹಾಕಿದ್ದ ಬ್ಯಾಗು ಗುರ್ರೆಂದು ಅದುರತೊಡಗಿತು.

ನಿಲ್ಲಲಿ ಎಂದು ಲತಾಮಣಿ ಕಾದಳು. ನಿಂತು ಮತ್ತೆ ಅದುರಿತು. ಪ್ರಿಯಾಂಕಾ ಕೈ ಚಾಚಿ ಜಿಪ್ ಎಳೆದು ಫೋನು ತೆಗೆದಳು, ಪರದೆ ನೋಡಿ ಅತ್ತ ಮುಖದಲ್ಲೇ ನಕ್ಕಳು. ಮಧು ಆಂಟೀನೇ, ನೂರು ವರ್ಷ ಆಯಸ್ಸು ಅವರಿಗೆ. ಬೇಡ, ಕೊಡಿಲ್ಲಿ ಎನ್ನುವಷ್ಟರಲ್ಲಿ ಕಿವಿಗೆ ಹಿಡಿದು, ಆಂಟಿ ತಿಂತಾ ಇದ್ದೀನಿ, ಸಖತ್ತಾಗಿದೆ ಅಂದಿದ್ದಳು. ಅಂದವಳು ಸುಮ್ಮನಾದಳು. ಆ ಕಡೆಯ ದನಿ ಸಣ್ಣದು, ಆದರೆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಲತಾಮಣಿಗೂ ಮಾತು ಮಾತೂ ಕೇಳಿಸಿತು. ಸುಮನಾ ಅಳುತ್ತಿದ್ದಳು. ಆಂಟಿ ಮನೆ ಸೇರಿದ್ರಾ, ಬೆಳಿಗ್ಗೆಯಿಂದ ಮಾಡ್ತಾನೇ ಇದ್ದೀನಿ ಎತ್ತುತ್ತಿಲ್ಲ. ಅವರು ಬರ್ತೀನಿ ಅಂದಾಗ ನಾನು ಬನ್ನಿ ಅಂದ್ಬಿಟ್ಟೆ. ಅಮ್ಮನ್ನ ಎತ್ತಿಕೊಂಡು ಹೋದಮೇಲೆ ಎಲ್ಲರೂ ಬೈದ್ರು, ದಾರೀಲಿ ಅವರಿಗೇನಾದ್ರೂ ಆದ್ರೆ ನೀನೇ ಕಾರಣ ಅಂದ್ರು. ನಂಗೆ ಗೊತ್ತಿರಲಿಲ್ಲ ಅಕ್ಕ.

ಪ್ರಿಯಾಂಕಾ ಅಮ್ಮನ ಮುಖ ನೋಡಿದಳು. ಉಪ್ಪು ಕಟ್ಟಿದ ಸೀರೆಯ ಅಂಚು ನೋಡಿದಳು, ಡಬ್ಬಿಯೊಳಗಿನ ಸೊಟ್ಟ ಮಡಿಕೆಗಳನ್ನು ನೋಡಿದಳು. ಬಾಯಲ್ಲಿದ್ದ ತುಂಡು ಹಾಗೇ ಇತ್ತು. ಉಗುಳುತ್ತಾಳೆ ಎಂದು ಲತಾಮಣಿ ಅಂಗೈ ಚಾಚಿದಳು. ಅವಳು ನಿಧಾನವಾಗಿ ಅಗಿದು ನುಂಗಿದಳು.

“ಸೇರಿದ್ರು ಕಣೇ ಸುಮನಾ. ಇಲ್ಲೇ ನನ್ನ ಪಕ್ಕ ಇದ್ದಾರೆ.” ಅಮ್ಮನ ಕೈಯನ್ನು ಹೊಟ್ಟೆಗೆ ಇನ್ನಷ್ಟು ಒತ್ತಿಕೊಂಡಳು. “ನೀನೇನೂ ತಪ್ಪು ಅಂದಿಲ್ಲ. ಮಗು ಆಗ್ಲಿ, ಎತ್ಕೊಂಡು ನಾವೆಲ್ಲ ಬರ್ತೀವಿ. ನಾನೂ ಬರ್ತೀನಿ.”

ಅವಳ ಬಾಯಿ ಮುಚ್ಚಬೇಕು ಎನ್ನಿಸಿತು ಲತಾಮಣಿಗೆ. ಒಂದು ಕೈ ಎತ್ತಿದ್ದೂ ಆಯಿತು. ಇನ್ನೊಂದು ಕೈ ಮಗಳ ಕೈಯಡಿಯಲ್ಲಿತ್ತು. ಆ ಅಂಗೈಗೆ ಒಳಗಿನಿಂದ ಏನೋ ತಾಗಿತು. ತಾಗಿ, ಜಾರಿ, ಮತ್ತೆ ಬಲವಾಗಿ ಒದೆಯಿತು. ಪ್ರಿಯಾಂಕಾ ಉಸಿರು ಬಿಗಿಹಿಡಿದು ಕಣ್ಣಿನಲ್ಲೇ ಕೇಳಿದಳು, ಇವಳು ತಲೆಯಾಡಿಸಿದಳು. ಮಾತಾಡಿದರೆ ನಿಂತುಹೋದೀತು ಎಂಬ ಭಯ ಇಬ್ಬರಿಗೂ ಇತ್ತು. ಅದು ಬರ್ತೀವಿ ಎಂದದ್ದಕ್ಕೆ ಒದ್ದದ್ದೋ, ಬೇಡ ಎಂದು ಒದ್ದದ್ದೋ, ಬರೀ ಬೆಲ್ಲಕ್ಕೆ ಒದ್ದದ್ದೋ, ಎಂಟನೇ ಕ್ಲಾಸಿನ ಪಾಠದಲ್ಲಿ ಇರಲಿಲ್ಲ. ಹೆದರಿಕೆ ಹೋಗಲಿಲ್ಲ. ಇನ್ನೂ ಒಂದು ತಿಂಗಳು ಹೋಗುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಕೈಯನ್ನು ಮಾತ್ರ ತೆಗೆಯಲಿಲ್ಲ.

ಹೊರಗೆ ಶಿವರಾಜ್ ಕ್ಯಾಬು ಬಂತೆಂದು ಕೂಗಿದರು, ಏಳು, ತೋರಿಸಿಕೊಂಡೇ ಬರೋಣ ಅಂದರು. ಫೋನಿನಲ್ಲಿ ಸುಮನಾ ಹಲೋ ಹಲೋ ಎನ್ನುತ್ತಲೇ ಇದ್ದಳು, ಲೈನಿನಲ್ಲಿ ಯಾರೂ ಇಲ್ಲವೆಂದು ಅವಳ ದನಿ ಮತ್ತೆ ಅಳುವಿಗೆ ತಿರುಗುತ್ತಿತ್ತು. ಲತಾಮಣಿ ಮಗಳ ಕೈಯಿಂದ ಫೋನು ತೆಗೆದುಕೊಂಡಳು. ಪರದೆಯ ಮೇಲೆ ಮಧುಮತಿ ಹಲ್ಲು ಬಿಟ್ಟು ನಗುತ್ತಿದ್ದಳು. ಅದನ್ನು ನೋಡಿಕೊಂಡೇ, ಈ ಸಲ ಗೊತ್ತಿದ್ದೇ ಅಂದಳು:

“ಬರ್ತೀನಿ ಕಣಮ್ಮ.”